ಹೊರಗೆ ಬೆಳಕಿಗೆ ತಂದು ನೋಡಿ

(ಬದಿಯಡ್ಕದ ಹತ್ತಿರದ ಒಂದು ವಾಚನಾಲಯದ ತಿಂಗಳ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಕಾಸರಗೋಡು ಪೇಟೆಯ ಬಟ್ಟೆ ಅಂಗಡಿಯಲ್ಲಿ ನೀವೆಲ್ಲ ನೋಡಿರುವ ಒಂದು ದೃಶ್ಯ. ಅಕ್ಕ ಒಬ್ಬರು ಚೀಲದಿಂದ ಸೀರೆ ತೆಗೆಯುತ್ತಾರೆ. ಅಂಗಡಿಯ ಹುಡುಗ ಹತ್ತು ಬ್ಲೌಸ್ ಪೀಸ್ ಹರಡುತ್ತಾನೆ. "ಇದು ಪಕ್ಕಾ ಮ್ಯಾಚಿಂಗ್ ಅಕ್ಕಾ" ಅನ್ನುತ್ತಾನೆ. ಅಕ್ಕ ನಂಬುವುದಿಲ್ಲ. ಸೀರೆಯ ಸೆರಗು ಮತ್ತು ಆ ತುಂಡು ಎರಡನ್ನೂ ಹಿಡಿದುಕೊಂಡು ಅಂಗಡಿಯ ಮೆಟ್ಟಿಲಿಗೆ ಬರುತ್ತಾರೆ. ಬಿಸಿಲಿನಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಾರೆ. "ಇಲ್ಲಪ್ಪ, ಹೊರಗೆ ಬೇರೆಯೇ ಕಾಣ್ತದೆ" ಅಂತ ವಾಪಸ್ ಹೋಗುತ್ತಾರೆ.

ಆ ಅಕ್ಕನಿಗೆ ಬಣ್ಣದ ವಿಜ್ಞಾನದ ಒಂದು ದೊಡ್ಡ ಸಂಗತಿ ಗೊತ್ತಿದೆ. ಎರಡು ವಸ್ತುಗಳು ಒಂದು ಬೆಳಕಿನಲ್ಲಿ ಒಂದೇ ಬಣ್ಣ, ಇನ್ನೊಂದು ಬೆಳಕಿನಲ್ಲಿ ಬೇರೆ ಬಣ್ಣ ಆಗಬಹುದು. ಇದಕ್ಕೆ ಮೆಟಮೆರಿಸಂ ಅಂತ ಹೆಸರು. ಹೆಸರು ಮರೆತರೂ ಪರವಾಗಿಲ್ಲ, ಮೆಟ್ಟಿಲಿಗೆ ಬರುವುದನ್ನು ಮರೆಯದಿದ್ದರೆ ಸಾಕು.

ನಾನು ಇವತ್ತು ಹೇಳಲು ಬಂದದ್ದು ಇದರದೇ ಇನ್ನೊಂದು ಮಗ್ಗುಲು. ಬೆಳಕು ಬದಲಾಗುವುದು ಬೇಡ, ನೋಡುವ ಕಣ್ಣು ಬದಲಾದರೂ ಹೊಂದಿಕೆ ಮುರಿಯುತ್ತದೆ. ಆ ಇನ್ನೊಂದು ಕಣ್ಣು ನನ್ನದು. ಹೊಟ್ಟೆಪಾಡಿಗೆ ನಾನು ಮಾಡುವುದು ಡಿಟಿಪಿ ಮತ್ತು ಅಚ್ಚಿನ ಕೆಲಸ. ಮದುವೆಗೆ ಕರೆಯುವ ಹೇಳಿಕೆ ಕಾಗದ, ಬ್ಯಾನರ್, ಮದುವೆ ಆಲ್ಬಮ್. ದಿನಪೂರ್ತಿ ಬಣ್ಣದ ಜೊತೆಗೇ ಬದುಕು. ನನಗೆ ಕೆಂಪು ಹಸಿರಿನ ದೃಷ್ಟಿಯಲ್ಲಿ ಸಣ್ಣ ಕೊರತೆ ಇದೆ. ನಕ್ಕುಬಿಡಿ, ನಾನೂ ನಕ್ಕಿದ್ದೇನೆ.

ಚಿಕ್ಕಂದಿನಲ್ಲಿ ಇದು ಯಾರಿಗೂ ತಿಳಿಯಲಿಲ್ಲ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕುವ ಕೆಲಸ ಮಕ್ಕಳದ್ದು. ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳ ಬುಟ್ಟಿ ತುಂಬುವಾಗ ನನ್ನದು ಅರ್ಧ. ಹಸಿರು ಹುಲ್ಲಿನ ನಡುವೆ ಕಿತ್ತಳೆ ಬಣ್ಣದ ಹಣ್ಣಡಿಕೆ ಅವಳಿಗೆ ದೀಪದ ಹಾಗೆ ಕಾಣುತ್ತಿತ್ತಂತೆ. ನಾನು ಆಕಾರ ನೋಡಿ ಹುಡುಕುತ್ತಿದ್ದೆ. ಉರುಟಾಗಿ, ನುಣ್ಣಗೆ ಇರುವುದು ಅಡಿಕೆ. "ಕಣ್ಣು ಎಲ್ಲಿಟ್ಟಿದ್ದೀಯಾ?" ಅಂತ ಅಮ್ಮ ಬೈಯುತ್ತಿದ್ದರು. ನಾನೂ ನನ್ನನ್ನು ಸೋಮಾರಿ ಅಂತಲೇ ತಿಳಿದಿದ್ದೆ. ತಮಾಷೆ ಏನೆಂದರೆ, ಅಡಿಕೆಯನ್ನು ಕೈಗೆ ಕೊಟ್ಟು ಯಾವ ಬಣ್ಣ ಅಂತ ಕೇಳಿದ್ದರೆ ಸರಿಯಾಗಿಯೇ ಹೇಳುತ್ತಿದ್ದೆ. ಹತ್ತಿರ ಹಿಡಿದರೆ, ಬೆಳಕು ಚೆನ್ನಾಗಿದ್ದರೆ, ತುಂಡು ದೊಡ್ಡದಿದ್ದರೆ ನನಗೆ ಬಣ್ಣ ಕಾಣುತ್ತದೆ. ದೂರ, ಮಬ್ಬು, ಸಣ್ಣದು, ತಿಳಿ ಬಣ್ಣ: ಇವು ಒಟ್ಟಾದಾಗ ಕೈ ಕೊಡುತ್ತದೆ. ಈ ಸಣ್ಣ ಕೊರತೆಯ ಸ್ವಭಾವವೇ ಹಾಗೆ. ವರ್ಷಗಟ್ಟಲೆ ಅಡಗಿ ಕೂತಿರುತ್ತದೆ.

ಗೊತ್ತಾದದ್ದು ಇಪ್ಪತ್ತಮೂರನೇ ವಯಸ್ಸಿಗೆ, ಒಂದು ಕೆಲಸದ ವೈದ್ಯಕೀಯ ಪರೀಕ್ಷೆಯಲ್ಲಿ. ಚುಕ್ಕಿ ಚುಕ್ಕಿಯ ಪುಸ್ತಕ ತೆರೆದು ಸಂಖ್ಯೆ ಓದಲು ಹೇಳಿದರು. ಟೋಕಿಯೋದ ಕಣ್ಣಿನ ವೈದ್ಯ ಶಿನೊಬು ಇಶಿಹಾರಾ ಅವರು 1917ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ಮೊದಲ ಹಾಳೆಯ 12 ಎಲ್ಲರಿಗೂ ಕಾಣುತ್ತದೆ, ನನಗೂ ಕಂಡಿತು. ಆಮೇಲೆ ಹಾಳೆ ತಿರುಗಿಸುತ್ತಾ ಹೋದರು, ನಾನು ಗಂಟಲು ಸರಿಮಾಡಿಕೊಳ್ಳುತ್ತಾ ಹೋದೆ. ಕೆಲಸ ಸಿಗಲಿಲ್ಲ. ಪೇಟೆಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿಗೆ ಸೇರಿಕೊಂಡೆ. ಬಣ್ಣ ಕಾಣದವನು ಬಣ್ಣದ ಕೆಲಸಕ್ಕೇ ಬಂದ ಕಥೆ ಇದು.

ಕಣ್ಣಿನೊಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಕಣ್ಣಿನ ಹಿಂದಿನ ಪರದೆಯಲ್ಲಿ ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳಿವೆ. ಕೋನ್ ಅನ್ನುತ್ತಾರೆ. ಒಂದು ಬಗೆ ಸುಮಾರು 420 ನ್ಯಾನೋಮೀಟರ್ ಅಲೆಯುದ್ದದ ಬೆಳಕಿಗೆ, ಇನ್ನೊಂದು 530ರ ಆಸುಪಾಸಿಗೆ, ಮತ್ತೊಂದು 560ರ ಆಸುಪಾಸಿಗೆ ಜಾಸ್ತಿ ಸ್ಪಂದಿಸುತ್ತವೆ. ಸುಲಭಕ್ಕೆ ನೀಲಿಯವನು, ಹಸಿರಿನವನು, ಕೆಂಪಿನವನು ಅಂತಿಟ್ಟುಕೊಳ್ಳಿ. ಹಸಿರಿನವನಿಗೂ ಕೆಂಪಿನವನಿಗೂ ನಡುವೆ ಇರುವ ಅಂತರ ಬರೀ 30. ಇಬ್ಬರ ಜೀನುಗಳೂ ಎಕ್ಸ್ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಕೂತಿವೆ, ನೋಡಲು ಅವಳಿಗಳ ಹಾಗೆ. ತಾಯಿಯಿಂದ ಮಗುವಿಗೆ ದಾಟುವಾಗ ಒಮ್ಮೊಮ್ಮೆ ತುಂಡುಗಳು ಅದಲುಬದಲಾಗಿ ಬೆರಕೆ ಜೀನು ಹುಟ್ಟುತ್ತದೆ. ನನ್ನಲ್ಲಿ ಆಗಿರುವುದು ಇದೇ. ಹಸಿರಿನವನು ಜಾಗ ಬಿಟ್ಟು ಕೆಂಪಿನವನ ಕಡೆಗೆ ಸರಿದು ಕೂತಿದ್ದಾನೆ. ಇದಕ್ಕೆ ಡ್ಯೂಟರನಾಮಲಿ ಅನ್ನುತ್ತಾರೆ. ಬಣ್ಣದ ಕೊರತೆಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಕೆಂಪಿನವನು ಹಸಿರಿನ ಕಡೆ ಸರಿದರೆ ಪ್ರೋಟನಾಮಲಿ. ಅವರಿಗೆ ಕೆಂಪು ಬಣ್ಣವೇ ಮಂಕು. ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಅಕ್ಷರ ಹಾಕುವ ಬ್ಯಾನರ್‌ನವರು ಇಂಥವರನ್ನು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಯುರೋಪ್ ಮೂಲದ ಗಂಡಸರಲ್ಲಿ ಕೆಂಪು ಹಸಿರಿನ ಕೊರತೆ 100ಕ್ಕೆ ಸುಮಾರು 8 ಮಂದಿಗಿದೆ. ಹೆಂಗಸರಲ್ಲಿ 200ಕ್ಕೆ ಒಬ್ಬರು. ನಮ್ಮ ದೇಶದಲ್ಲಿ ನಡೆದ ಪರೀಕ್ಷೆಗಳಲ್ಲಿ ಗಂಡಸರ ಲೆಕ್ಕ ಇದಕ್ಕಿಂತ ಕಡಿಮೆ ಬಂದಿದೆ. ಗಂಡಸರಿಗೇ ಯಾಕೆ ಜಾಸ್ತಿ? ಹೆಂಗಸರಿಗೆ ಎಕ್ಸ್ ಎರಡು, ಒಂದು ಕೆಟ್ಟರೂ ಇನ್ನೊಂದು ಇರುತ್ತದೆ. ನಮಗೆ ಎಕ್ಸ್ ಒಂದೇ, ಅದೂ ತಾಯಿಯಿಂದ ಬಂದದ್ದು. ಹಾಗಾಗಿ ಇದು ಅಪ್ಪನಿಂದ ಮಗನಿಗೆ ಬರುವ ಆಸ್ತಿಯಲ್ಲ. ಸೋದರಮಾವನಿಗೆ ಇದ್ದರೆ ಅಳಿಯನಿಗೂ ಇರಬಹುದು, ನಡುವೆ ಇರುವ ತಾಯಿಗೆ ಎಲ್ಲ ಬಣ್ಣವೂ ಚೆನ್ನಾಗಿ ಕಾಣುತ್ತಿರಬಹುದು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಗಳಿರುವ ನಮ್ಮ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಬಣ್ಣ ಹೊಂದಿತು ಅಂದರೆ ಏನು? ಆ ಮೂರು ಕೋನ್‌ಗಳನ್ನು ಮೂವರು ಸಾಕ್ಷಿಗಳು ಅಂತ ಎಣಿಸಿ. ಸೀರೆಯನ್ನು ತೋರಿಸಿದಾಗ ಮೂವರೂ ಒಂದೊಂದು ಹೇಳಿಕೆ ಕೊಡುತ್ತಾರೆ. ಬ್ಲೌಸ್ ಪೀಸ್ ತೋರಿಸಿದಾಗಲೂ ಕೊಡುತ್ತಾರೆ. ಮೂವರ ಹೇಳಿಕೆಯೂ ಎರಡು ಸಲ ಒಂದೇ ಆಗಿದ್ದರೆ ಬಣ್ಣ ಹೊಂದಿತು. ಸೀರೆಯಿಂದ ಬಂದ ಬೆಳಕೂ ಬ್ಲೌಸಿನಿಂದ ಬಂದ ಬೆಳಕೂ ಒಳಗಡೆ ಬೇರೆ ಬೇರೆ ಇರಬಹುದು. ಸಾಕ್ಷಿಗಳಿಗೆ ಅಷ್ಟು ಸೂಕ್ಷ್ಮ ಗೊತ್ತಾಗುವುದಿಲ್ಲ, ಮೊತ್ತ ಮಾತ್ರ ಗೊತ್ತು. ಟಿವಿ, ಮೊಬೈಲ್, ಅಚ್ಚು ಇವೆಲ್ಲ ಬದುಕಿರುವುದು ಸಾಕ್ಷಿಗಳ ಈ ದಡ್ಡತನದ ಮೇಲೆ. ಮೊಬೈಲಿನಲ್ಲಿ ಹಳದಿ ಬೆಳಕು ಇಲ್ಲವೇ ಇಲ್ಲ. ಕೆಂಪು ಚುಕ್ಕಿ, ಹಸಿರು ಚುಕ್ಕಿ ಒಟ್ಟಿಗೆ ಉರಿದು ನಮಗೆ ಹಳದಿ ಅನ್ನಿಸುತ್ತವೆ.

ಕೆಂಪು ಹಸಿರಿನ ಕೊರತೆ ಪೂರ್ತಿ ಇರುವವರಲ್ಲಿ ಒಬ್ಬ ಸಾಕ್ಷಿ ಗೈರುಹಾಜರು. ಉಳಿದ ಇಬ್ಬರು ನಿಮ್ಮ ಕಣ್ಣಿನ ಇಬ್ಬರಂತೆಯೇ ಇದ್ದಾರೆ. ನಿಮಗೆ ಹೊಂದಿದ ಬಣ್ಣಗಳು ಅವರಿಗೂ ಹೊಂದುತ್ತವೆ, ಯಾಕೆಂದರೆ ಆ ಇಬ್ಬರ ಹೇಳಿಕೆ ಬದಲಾಗಿಲ್ಲ. ನಿಮಗೆ ಹೊಂದದ ಎಷ್ಟೋ ಬಣ್ಣಗಳೂ ಅವರಿಗೆ ಹೊಂದುತ್ತವೆ, ಅದು ಬೇರೆ ಮಾತು. ಆದರೆ ನನ್ನಂಥ ಅರೆಬರೆಯವರಲ್ಲಿ ಮೂವರೂ ಹಾಜರು. ಒಬ್ಬನ ಜಾಗದಲ್ಲಿ ಬೇರೊಬ್ಬ ಬಂದು ಕೂತಿದ್ದಾನೆ. ಅವನ ಲೆಕ್ಕವೇ ಬೇರೆ. ನೀವು "ಹೊಂದಿತು" ಅನ್ನುವಾಗ ಅವನು "ಇಲ್ಲ" ಅನ್ನುತ್ತಾನೆ. ನೀವು "ಇಲ್ಲ" ಅನ್ನುವಾಗ "ಹೊಂದಿತು" ಅನ್ನುತ್ತಾನೆ. ಪೂರ್ತಿ ಕೊರತೆ ಇರುವವನು ನಿಮ್ಮ ಹೊಂದಿಕೆಗೆ ತಕರಾರು ಮಾಡುವುದಿಲ್ಲ. ಸ್ವಲ್ಪ ಕೊರತೆ ಇರುವವನೇ ಜಗಳಗಂಟ! ಇದು ನನಗೆ ಅರ್ಥವಾಗಲು ಹತ್ತು ವರ್ಷ ಹಿಡಿಯಿತು. ಸ್ವಲ್ಪ ಕೊರತೆ ಅಂದರೆ ಸ್ವಲ್ಪ ತೊಂದರೆ ಅಂತಲೇ ನಾನು ಲೆಕ್ಕ ಹಾಕಿದ್ದೆ.

ಇದನ್ನು ಮೊದಲು ಕಂಡುಹಿಡಿದದ್ದು ಇಂಗ್ಲೆಂಡಿನ ಲಾರ್ಡ್ ರೇಲೀ, 1881ರಲ್ಲಿ. ಆಕಾಶ ಯಾಕೆ ನೀಲಿ ಅಂತ ವಿವರಿಸಿದ ಅದೇ ರೇಲೀ. ಕೆಂಪು ಬೆಳಕಿಗೆ ಹಸಿರು ಬೆಳಕು ಬೆರೆಸಿ, ಶುದ್ಧ ಹಳದಿ ಬೆಳಕಿಗೆ ಸರಿಹೊಂದಿಸಿ ಅಂತ ಹಲವರಿಗೆ ಹೇಳಿದರು. ಬಹುತೇಕ ಎಲ್ಲರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬೆರೆಸಿದರು. ಹೆಂಡತಿಯ ಅಣ್ಣತಮ್ಮಂದಿರ ಲೆಕ್ಕ ಮಾತ್ರ ಬೇರೆ ಬಂತು. ಅವರು ಬಣ್ಣಗುರುಡರಲ್ಲ, ಬಣ್ಣಗಳನ್ನು ಚೆನ್ನಾಗಿಯೇ ಬೇರ್ಪಡಿಸುತ್ತಿದ್ದರು. ಆದರೂ ಹೊಂದಿಕೆ ಬೇರೆ. ಬಾವನೆಂಟರ ಜೊತೆ ಲೆಕ್ಕ ತಾಳೆಯಾಗದಿರುವುದು ನಮ್ಮಲ್ಲಿ ಹೊಸತಲ್ಲ, ಅಲ್ಲಿ ಅದರಿಂದ ಒಂದು ವಿಜ್ಞಾನವೇ ಹುಟ್ಟಿತು. ಇಂದಿಗೂ ನನ್ನಂಥವರನ್ನು ಖಚಿತವಾಗಿ ಗುರುತಿಸುವ ಉಪಕರಣ ಈ ಕೆಂಪು ಹಸಿರು ಬೆರಕೆಯ ಮೇಲೆಯೇ ನಡೆಯುತ್ತದೆ. ಡ್ಯೂಟರನಾಮಲಿ ಇರುವವನು ಆ ಬೆರಕೆಗೆ ನಿಮಗಿಂತ ಜಾಸ್ತಿ ಹಸಿರು ಹಾಕುತ್ತಾನೆ. ಈ ಒಂದು ವಾಕ್ಯವನ್ನು ನೆನಪಿನಲ್ಲಿಟ್ಟುಕೊಂಡು ನನ್ನ ಹೇಳಿಕೆ ಕಾಗದದ ಕಥೆ ಕೇಳಿ.

ನಾನು ಸ್ವಂತ ಅಂಗಡಿ ಹಾಕಿದ ಎರಡನೇ ವರ್ಷ. ಒಬ್ಬರು ಮಗಳ ಮದುವೆಯ ಕಾಗದ ಮಾಡಿಸಲು ಬಂದರು. ಧಾರೆ ಸೀರೆಯಿಂದ ಬೆರಳಗಲದ ಒಂದು ತುಂಡು ತಂದಿದ್ದರು. ಜೇನಿನ ಬಣ್ಣದ ರೇಷ್ಮೆ. "ಅಂಚಿಗೆ ಇದೇ ಬಣ್ಣ ಬರಬೇಕು" ಅಂದರು. ನಾನು ತುಂಡನ್ನು ಮಾನಿಟರಿನ ಪಕ್ಕಕ್ಕೆ ಅಂಟಿಸಿದೆ. ಮೌಸ್ ಹಿಡಿದು ಬಣ್ಣ ಸರಿಸುತ್ತಾ ಹೋದೆ. ಮೊದಲು ಹಾಕಿದ್ದು ನನಗೆ ತುಂಬ ಕೆಂಪಾಗಿ ಕಂಡಿತು. ಸ್ವಲ್ಪ ಹಸಿರು ಸೇರಿಸಿದೆ. ಇನ್ನೂ ಸ್ವಲ್ಪ. ಕೊನೆಗೆ ರೇಷ್ಮೆಯ ತುಂಡು ಯಾವುದು, ಪರದೆ ಯಾವುದು ಅಂತ ಗೊತ್ತಾಗದ ಹಾಗೆ ಹೊಂದಿತು. ಅರ್ಧ ಗಂಟೆಯ ಕೆಲಸ, ತುಂಬ ಹೆಮ್ಮೆಯಾಯಿತು. ಪ್ಲೇಟ್ ಮಾಡಿಸಿ 500 ಕಾಗದ ಅಚ್ಚು ಹಾಕಿಸಿದೆ.

ಕಾಗದ ಬಂದಾಗ ರೇಷ್ಮೆಯ ಪಕ್ಕ ಇಟ್ಟು ನೋಡಿದೆ. ಏನೋ ಸರಿಯಿಲ್ಲ ಅನ್ನಿಸಿತು. ತಪ್ಪನ್ನು ಟ್ಯೂಬ್‌ಲೈಟಿನ ಮೇಲೆ ಹಾಕಿ ಸುಮ್ಮನಾದೆ. ಸಂಜೆ ಹುಡುಗಿಯ ಸೋದರಮಾವ ಬಂದು ಕಟ್ಟು ಬಿಚ್ಚಿದರು. ಒಂದು ಕಾಗದ ಎತ್ತಿ ನೋಡಿದರು. ಸಿಟ್ಟೂ ಮಾಡಲಿಲ್ಲ. "ಇದೇನು ಮಾರಾಯ, ಸೆಗಣಿ ಬಣ್ಣ?" ಅಂದರು.

500 ಕಾಗದವನ್ನೂ ನನ್ನ ಖರ್ಚಿನಲ್ಲಿ ಮತ್ತೆ ಹಾಕಿಸಿದೆ. ಆ ಮೊದಲ ಕಟ್ಟಿನ ಹಿಂಬದಿಯಲ್ಲಿ ನನ್ನ ಮಕ್ಕಳು ಎಷ್ಟೋ ಕಾಲ ಲೆಕ್ಕ ಮಾಡಿದರು.

ಆವತ್ತು ನಾನು ಅಂದುಕೊಂಡದ್ದು, ನನಗೆ ಬಣ್ಣ ಸರಿಯಾಗಿ ಕಾಣುವುದಿಲ್ಲ, ಅಂದಾಜಿನಲ್ಲಿ ಹಾಕಿದೆ, ತಪ್ಪಾಯಿತು ಅಂತ. ಈಗ ನೋಡಿದರೆ ನಾನು ಅಂದಾಜಿನಲ್ಲಿ ಹಾಕಿರಲೇ ಇಲ್ಲ. ಬಹಳ ನಿಖರವಾಗಿ ಹೊಂದಿಸಿದ್ದೆ, ನನ್ನ ಕಣ್ಣಿಗೆ. ಮರುದಿನ ಕೂರಿಸಿದ್ದರೂ ಅಲ್ಲಿಗೇ ಬಂದು ನಿಲ್ಲುತ್ತಿದ್ದೆ. ರೇಲೀಯ ಬಾವಂದಿರ ಹಾಗೆ ಜಾಸ್ತಿ ಹಸಿರು ಹಾಕಿದ್ದೆ, ಅಷ್ಟೇ. ತಪ್ಪಾದದ್ದು ಎರಡು ಬೇರೆ ಜಾತಿಯ ಬೆಳಕನ್ನು ಒಂದೇ ತಕ್ಕಡಿಯಲ್ಲಿ ತೂಗಲು ಹೋದದ್ದು. ಪರದೆ ತಾನೇ ಉರಿಯುತ್ತದೆ, ಅದೂ ಮೂರು ಮೊನಚು ಬಣ್ಣಗಳಲ್ಲಿ, ಅಂದರೆ ಅಲೆಯುದ್ದದ ಕಿರಿದಾದ ಪಟ್ಟಿಗಳಲ್ಲಿ. ರೇಷ್ಮೆ ಉರಿಯುವುದಿಲ್ಲ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪ ನುಂಗಿ, ಉಳಿದದ್ದನ್ನು ಅಗಲವಾಗಿ ಹರಡಿ ವಾಪಸ್ ಕೊಡುತ್ತದೆ. ನಿಮ್ಮ ಕಣ್ಣಿಗೂ ನನ್ನ ಕಣ್ಣಿಗೂ ಜಗಳ ಹತ್ತುವುದು ಇಂಥ ಮೊನಚು ಮತ್ತು ಅಗಲಗಳ ನಡುವೆಯೇ. ಬಟ್ಟೆಗೆ ಬಟ್ಟೆ ಹೋಲಿಸಿದಾಗ, ಕಾಗದಕ್ಕೆ ಕಾಗದ ಹೋಲಿಸಿದಾಗ ಜಗಳ ಕಡಿಮೆ. ಎರಡೂ ಅಗಲ ಜಾತಿ. ಆದ್ದರಿಂದ ಅಚ್ಚಾದ ಕಾಗದವನ್ನು ರೇಷ್ಮೆಯ ಪಕ್ಕ ಇಟ್ಟಾಗ "ಸರಿಯಿಲ್ಲ" ಅಂತ ನನ್ನ ಕಣ್ಣೇ ಹೇಳಿತ್ತು. ನಾನು ಕೇಳಲಿಲ್ಲ.

ಪರದೆಗಳಲ್ಲೂ ಪಂಗಡಗಳಿವೆ. ಹಳೆಯ ಮಾನಿಟರ್, ಹೊಸ ಓಎಲ್‌ಇಡಿ ಮೊಬೈಲ್ ಎರಡರಲ್ಲೂ ಕೆಂಪು ಹಸಿರು ನೀಲಿಯೇ ಇದ್ದರೂ ಆ ಕೆಂಪೇ ಬೇರೆ, ಈ ಕೆಂಪೇ ಬೇರೆ. ನನ್ನ ಹೆಂಡತಿ ಎರಡನ್ನೂ ಪಕ್ಕಪಕ್ಕ ಹಿಡಿದು "ಒಂದೇ ಇದೆಯಲ್ಲ" ಅನ್ನುವ ಬಿಳಿ, ನನಗೆ ಒಂದರಲ್ಲಿ ಸ್ವಲ್ಪ ಗುಲಾಬಿ. ಮೊದಲು ವಾದ ಮಾಡುತ್ತಿದ್ದೆ. ಈಗ ಅಂಗಡಿಯಲ್ಲಿ ಅವಳ ಮಾತೇ ನಡೆಯುತ್ತದೆ. ಕಾಗದ ಕೊಳ್ಳುವವರ ಕಣ್ಣು ಅವಳ ಕಣ್ಣಿನ ಹಾಗಿದೆ.

ಅಚ್ಚಿನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿ. ಇಲ್ಲಿ ನನಗೆ ಮೋಸ ಮಾಡುವುದು ಗಾಢ ಬಣ್ಣಗಳಲ್ಲ. ಕೆಂಪು ಅಂದರೆ ಕೆಂಪೇ, ಯಾರೂ ತಪ್ಪಲಾರರು. ಮೋಸ ಮಾಡುವುದು ಬೂದಿ ಬಣ್ಣ. ಬೂದಿಗೆ ಸ್ವಲ್ಪ ಮಜೆಂಟಾ ಸೇರಿ ಗುಲಾಬಿಗೆ ತಿರುಗಿದರೂ, ಸ್ವಲ್ಪ ಹಸಿರಿಗೆ ತಿರುಗಿದರೂ ನನಗೆ ಬೇಗ ಗೊತ್ತಾಗುವುದಿಲ್ಲ. ಮನುಷ್ಯರ ಮುಖವೂ ಹಾಗೆಯೇ. ಒಂದು ಆಲ್ಬಮಿನಲ್ಲಿ ಮದುಮಗ ಮೂರು ದಿನ ಜ್ವರದಲ್ಲಿ ಮಲಗಿ ಎದ್ದವನ ಹಾಗೆ ಬಂದಿದ್ದ. ಆಮೇಲೆ ಮುಖಗಳನ್ನು ಕಣ್ಣಿನಿಂದ ನೋಡುವುದನ್ನೇ ಬಿಟ್ಟೆ. ಕೆನ್ನೆಯ ಮೇಲೆ ಐಡ್ರಾಪರ್ ಇಟ್ಟು, ಅಂದರೆ ಆ ಜಾಗದ ಬಣ್ಣದ ಪ್ರಮಾಣ ತೋರಿಸುವ ಕಂಪ್ಯೂಟರಿನ ಸಲಕರಣೆ ಇಟ್ಟು, ಸಂಖ್ಯೆ ಓದುತ್ತೇನೆ. ಹಳದಿ ಮಜೆಂಟಾಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು, ಸಯಾನ್ ಮಜೆಂಟಾದ ಅರ್ಧ ದಾಟಬಾರದು. ಇದು ನನ್ನ ಅಂಗಡಿಯ ಲೆಕ್ಕ, ಶಾಸ್ತ್ರವಲ್ಲ. ಪರದೆಯಲ್ಲಿ ಬೂದಿ ಬಣ್ಣಕ್ಕೆ ಇನ್ನೂ ಸುಲಭ. ಕೆಂಪು, ಹಸಿರು, ನೀಲಿ ಮೂರೂ ಸಂಖ್ಯೆ ಒಂದೇ ಇದ್ದರೆ ಬೂದಿ. ಸಂಖ್ಯೆಗೆ ಬಣ್ಣಗುರುಡಿಲ್ಲ.

ಹಾಗಂತ ಆ ಸಂಖ್ಯೆಗಳು ಆಕಾಶದಿಂದ ಇಳಿದದ್ದೇನೂ ಅಲ್ಲ. ಬಣ್ಣಕ್ಕೆ ಸಂಖ್ಯೆ ಕೊಡುವ ಇವತ್ತಿನ ಪದ್ಧತಿಗಳ ಬುಡದಲ್ಲಿ 1931ರಲ್ಲಿ ಒಪ್ಪಿಕೊಂಡ ಒಬ್ಬ "ಪ್ರಮಾಣಿತ ನೋಡುಗ" ಇದ್ದಾನೆ. ಅವನು ಮನುಷ್ಯನಲ್ಲ, ಸರಾಸರಿ. ಆ ಸರಾಸರಿಗೆ ಕಣ್ಣು ಕೊಟ್ಟವರು ಇಂಗ್ಲೆಂಡಿನ 17 ಮಂದಿ. ಡಬ್ಲ್ಯು. ಡಿ. ರೈಟ್ ಹತ್ತು ಮಂದಿಯನ್ನು, ಜಾನ್ ಗಿಲ್ಡ್ ಏಳು ಮಂದಿಯನ್ನು ಕೂರಿಸಿ ಅಳೆದದ್ದು. ಇವತ್ತು ನಮ್ಮ ನಿಮ್ಮ ಮೊಬೈಲಿನ ಬಣ್ಣವೆಲ್ಲ ಆ 17 ಜನರ ಹೆಸರಿನಲ್ಲಿ ನಡೆಯುತ್ತಿದೆ. ನಿಮ್ಮ ಕಣ್ಣೂ ಆ ಸರಾಸರಿಗೆ ಸರಿಯಾಗಿ ಕೂರುವುದಿಲ್ಲ. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ಬೆಳಕು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಇಲ್ಲಿರುವ ಹಿರಿಯರು ಮೊಮ್ಮಕ್ಕಳ ಜೊತೆ ಕಡುನೀಲಿ ಮತ್ತು ಕಪ್ಪಿನ ಬಗ್ಗೆ ಒಮ್ಮೆ ಚರ್ಚೆ ಮಾಡಿ ನೋಡಿ.

ಬಟ್ಟೆಗೆ ಬರೋಣ. ಕಾಸರಗೋಡು ಸೀರೆ ನಮ್ಮ ಹೆಮ್ಮೆ, ಹತ್ತಿಯ ಕೈಮಗ್ಗದ ಸೀರೆ. ನೂಲಿಗೆ ವ್ಯಾಟ್ ಬಣ್ಣ ಹಾಕುವವರ ಕಷ್ಟ ಕೇಳಿದರೆ ನನ್ನದು ಏನೂ ಅಲ್ಲ. ವ್ಯಾಟ್ ಬಣ್ಣ ಕೊಪ್ಪರಿಗೆಯಲ್ಲಿ ಇರುವಾಗ ತನ್ನ ನಿಜ ಬಣ್ಣ ತೋರಿಸುವುದಿಲ್ಲ. ನೀಲಿಯನ್ನೇ ತೆಗೆದುಕೊಳ್ಳಿ. ಇಂಡಿಗೋದಲ್ಲಿ ಅದ್ದಿ ಎತ್ತಿದ ನೂಲು ಹಳದಿ ಮಿಶ್ರಿತ ಹಸಿರಾಗಿರುತ್ತದೆ. ಗಾಳಿ ತಾಗಿ ಕೆಲವು ನಿಮಿಷಗಳಲ್ಲಿ ನೀಲಿಯಾಗುತ್ತದೆ. ಒದ್ದೆ ನೂಲು ಒಣಗಿದ ನೂಲಿಗಿಂತ ಗಾಢ. ಅಂದರೆ ಎಂಥ ಒಳ್ಳೆಯ ಕಣ್ಣಿದ್ದರೂ ಅದ್ದುವ ಹೊತ್ತಿಗೆ ನೋಡಿ ಹೇಳುವ ಹಾಗಿಲ್ಲ. ತೂಕ, ಸಮಯ, ಬಿಸಿ ಲೆಕ್ಕದಲ್ಲಿರಬೇಕು, ಒಣಗಿದ ಹಳೆಯ ಮಾದರಿ ಕೈಯಲ್ಲಿರಬೇಕು. ಕಣ್ಣಿನ ಮೇಲೆ ನಂಬಿಕೆ ಇಡದೆ ಬಣ್ಣದ ಕೆಲಸ ಮಾಡುವ ಜನ ಮೊದಲಿನಿಂದಲೂ ಇದ್ದಾರೆ ಅಂತ ತಿಳಿದಾಗ ನನಗೆ ಧೈರ್ಯ ಬಂತು.

ಫ್ರಾನ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ 1824ರಿಂದ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರೊಲ್ ಎಂಬ ರಸಾಯನ ವಿಜ್ಞಾನಿಗೆ ಒಂದು ದೂರು ಬಂತು. ಕಪ್ಪು ನೂಲು ಸಾಕಷ್ಟು ಕಪ್ಪಾಗಿ ಕಾಣುತ್ತಿಲ್ಲ ಅಂತ. ಪರೀಕ್ಷಿಸಿದರೆ ಬಣ್ಣದಲ್ಲಿ ಏನೂ ದೋಷವಿಲ್ಲ. ಪಕ್ಕದ ನೀಲಿ, ನೇರಳೆ ನೂಲುಗಳು ಕಪ್ಪನ್ನು ಕೆಡಿಸುತ್ತಿದ್ದವು. ಸೀರೆಯ ಒಡಲು ಮತ್ತು ಅಂಚಿನ ನಡುವೆಯೂ ಇದೇ ಆಟ. ನನ್ನಂಥವನಿಗೆ ಇನ್ನೊಂದು ಕಷ್ಟ ಸೇರುತ್ತದೆ. ಒಂದು ಎಳೆ ನೂಲು ತೋರಿಸಿದರೆ ನನಗೆ ಬಣ್ಣ ಸಿಗುವುದಿಲ್ಲ, ಲಡಿ ತೋರಿಸಿದರೆ ಸಿಗುತ್ತದೆ. ಸೀರೆಗೆ ಫಾಲ್ಸ್ ಹೊಲಿಯುವ ನೂಲು ತರಲು ನನ್ನನ್ನು ಕಳಿಸುವುದನ್ನು ಮನೆಯಲ್ಲಿ ನಿಲ್ಲಿಸಿ ಬಹಳ ಕಾಲವಾಯಿತು. ಅದು ಒಂದು ಲಾಭ.

ಯಕ್ಷಗಾನದ ಮಾತು ಬಾರದೆ ನಮ್ಮ ಕೂಟ ಮುಗಿಯುವುದುಂಟೇ? ಯಕ್ಷಗಾನದ ಕವಿ, ಕುಂಬಳೆಯ ಪಾರ್ತಿಸುಬ್ಬನ ನೆಲ ಇದು. ದೊಂದಿಯ ಬೆಳಕು, ಆಮೇಲೆ ಗ್ಯಾಸ್‌ಲೈಟ್, ಆಮೇಲೆ ಟ್ಯೂಬ್‌ಲೈಟ್, ಈಗ ಎಲ್‌ಇಡಿ. ಅರದಾಳದ ಹಳದಿ, ಇಂಗಳೀಕದ ಕೆಂಪು ದೊಂದಿಯ ಬೆಳಕಿಗೆ ಹೊಂದಿಕೊಂಡು ಬೆಳೆದ ಬಣ್ಣಗಳು. ಬೆಂಕಿಯ ಬೆಳಕಿನಲ್ಲಿ ಕೆಂಪು ಹಳದಿಯ ಪಾಲು ಜಾಸ್ತಿ, ನೀಲಿ ಕಡಿಮೆ. ಅಗ್ಗದ ಎಲ್‌ಇಡಿಯಲ್ಲಿ ಕಡುಗೆಂಪು ಕಡಿಮೆ. ವೇಷ ಕಟ್ಟುವ ಚೌಕಿಯಲ್ಲಿ ಒಂದು ಬಲ್ಬು, ರಂಗಸ್ಥಳದಲ್ಲಿ ಇನ್ನೊಂದು ಇದ್ದರೆ ಕನ್ನಡಿಯಲ್ಲಿ ನೋಡಿ ಬರೆದ ಮುಖ ರಂಗದಲ್ಲಿ ಬೇರೆಯೇ ಆಗುತ್ತದೆ. ಚೌಕಿಗೂ ರಂಗಕ್ಕೂ ಒಂದೇ ಜಾತಿಯ ಬಲ್ಬು ಹಾಕಿ ಅಂತ ಎರಡು ಕಡೆ ಹೇಳಿದ್ದೇನೆ. ಒಂದು ಕಡೆ ಕೇಳಿದರು.

ಬೆಳಕಿನ ಈ ಆಟದಿಂದಲೇ ಬಣ್ಣಗುರುಡಿನ ಚರಿತ್ರೆಯೂ ಶುರುವಾದದ್ದು. ಪರಮಾಣುವಿನ ಪಾಠದಲ್ಲಿ ಬರುವ ಜಾನ್ ಡಾಲ್ಟನ್ 1792ರಲ್ಲಿ ಒಂದು ಜೆರೇನಿಯಂ ಹೂವನ್ನು ಮೇಣದ ಬತ್ತಿಯ ಬೆಳಕಿನಲ್ಲಿ ನೋಡಿದರು. ಹಗಲಿನಲ್ಲಿ ಅವರಿಗೆ ಆಕಾಶನೀಲಿಯಾಗಿದ್ದ ಹೂವು ರಾತ್ರಿ ಕೆಂಪು! ಗೆಳೆಯರನ್ನು ಕೇಳಿದರೆ ಯಾರಿಗೂ ಅಂಥ ಬದಲಾವಣೆ ಕಾಣಲಿಲ್ಲ, ಅವರ ಅಣ್ಣನೊಬ್ಬನಿಗೆ ಬಿಟ್ಟು. ಎರಡು ವರ್ಷದ ಮೇಲೆ ಮ್ಯಾಂಚೆಸ್ಟರಿನಲ್ಲಿ ಅದರ ಬಗ್ಗೆ ಪ್ರಬಂಧ ಓದಿದರು. ತನ್ನ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು ಅಂತ ಅವರ ಊಹೆ. ಸತ್ತ ಮೇಲೆ ಕಣ್ಣು ತೆಗೆದು ನೋಡಿ ಅಂತ ಹೇಳಿಟ್ಟಿದ್ದರು. 1844ರಲ್ಲಿ ನೋಡಿದರು, ನೀಲಿ ಇರಲಿಲ್ಲ. ಉಳಿದ ತುಣುಕನ್ನು ಜೋಪಾನವಾಗಿ ಇಟ್ಟಿದ್ದರಿಂದ 1995ರಲ್ಲಿ ಡಿಎನ್‌ಎ ಪರೀಕ್ಷೆ ಸಾಧ್ಯವಾಯಿತು. ಅವರಿಗೆ ಹಸಿರಿನ ಸಾಕ್ಷಿ ಪೂರ್ತಿ ಗೈರು.

ನನ್ನ ಕಣ್ಣಿಗೆ ಲಾಭವೇ ಇಲ್ಲವೇ ಅಂತ ಕೇಳಬಹುದು. ಇದೆ. ಮೊದಲೇ ಹೇಳಿದೆ, ನಿಮಗೆ ಒಂದೇ ಅನ್ನಿಸುವ ಕೆಲವು ಬಣ್ಣಗಳು ನನಗೆ ಬೇರೆ. 2005ರಲ್ಲಿ ಬ್ರಿಟನ್ನಿನ ಸಂಶೋಧಕರು ಡ್ಯೂಟರನಾಮಲಿ ಇರುವವರನ್ನು ಪರೀಕ್ಷಿಸಿ ಇದನ್ನು ತೋರಿಸಿದ್ದಾರೆ. ಸಾಮಾನ್ಯರಿಗೆ ವ್ಯತ್ಯಾಸವೇ ಕಾಣದ ಬಣ್ಣದ ಜೋಡಿಗಳನ್ನು, ಅದರಲ್ಲೂ ಖಾಕಿಯ ಛಾಯೆಗಳನ್ನು ಇವರು ಬೇರೆ ಮಾಡಿದರು. ನಮ್ಮ ಅಪ್ಪ ಒಣಗಿಸಿದ ಚಾಲಿ ಅಡಿಕೆ ಆರಿಸಲು ನನ್ನನ್ನೇ ಕೂರಿಸುತ್ತಿದ್ದರು. ಹೆಕ್ಕಲು ಬಾರದವನು ಆರಿಸುವುದರಲ್ಲಿ ಜಾಣ. ಅದಕ್ಕೂ ಇದಕ್ಕೂ ಗಂಟು ಹಾಕುವ ಆಸೆ ನನಗಿದೆ. ಹಾಕುವುದಿಲ್ಲ, ಅಪ್ಪ ಇದ್ದಿದ್ದರೆ ಕೈ ಖಾಲಿ ಇದ್ದವನನ್ನು ಕೂರಿಸಿದೆ ಅಷ್ಟೇ ಅನ್ನುತ್ತಿದ್ದರು.

ಈಗ ನನ್ನ ಅಂಗಡಿಯಲ್ಲಿ ಕೆಲಸ ನಡೆಯುವ ರೀತಿ ಹೇಳಿ ಮುಗಿಸುತ್ತೇನೆ. ಬಟ್ಟೆಯ ತುಂಡು ತಂದರೆ ಪರದೆಯ ಪಕ್ಕ ಇಡುವುದೇ ಇಲ್ಲ. ಅಚ್ಚು ಹಾಕಿದ ಶೇಡ್ ಪುಸ್ತಕವಿದೆ, ನಮ್ಮದೇ ಕಾಗದ, ನಮ್ಮದೇ ಶಾಯಿ, ಪ್ರತಿ ಚೌಕದ ಕೆಳಗೆ ಸಂಖ್ಯೆ. ಅದನ್ನು ಅಂಗಳಕ್ಕೆ ಒಯ್ದು ನೆರಳಿನಲ್ಲಿ ಬಟ್ಟೆಯ ಪಕ್ಕ ಇಡುತ್ತೇವೆ. ಹೆಂಡತಿ ಅಥವಾ ಗಿರಾಕಿ ಬೆರಳಿಟ್ಟು ತೋರಿಸುತ್ತಾರೆ. ನಾನು ಸಂಖ್ಯೆ ಬರೆದುಕೊಳ್ಳುತ್ತೇನೆ. ಆಮೇಲೆ ಪರದೆಯಲ್ಲಿ ಅದು ನನಗೆ ಹೇಗೇ ಕಾಣಲಿ, ಮುಟ್ಟುವುದಿಲ್ಲ. ಬಹಳ ಕಷ್ಟದ ಭಾಗ ಇದೇ. ಕೈ ತುರಿಸುತ್ತದೆ. ವಾಟ್ಸಾಪಿನಲ್ಲಿ ಸೀರೆಯ ಫೋಟೋ ಕಳಿಸಿ "ಇದೇ ಬಣ್ಣ" ಅನ್ನುವವರಿಗೆ ಬೆರಳಗಲದ ತುಂಡಾದರೂ ತನ್ನಿ ಅನ್ನುತ್ತೇನೆ. ನಿಮ್ಮ ಮೊಬೈಲಿನ ಕ್ಯಾಮೆರಾ ಒಂದು ಸಲ ಬಣ್ಣ ತಿರುಗಿಸಿದೆ, ನನ್ನ ಪರದೆ ಇನ್ನೊಂದು ಸಲ. ಅದರ ಮೇಲೆ ನನ್ನ ಕಣ್ಣು.

ಸಭೆಯಲ್ಲಿ ಬಂದ ಪ್ರಶ್ನೆಗಳು.

ಕಾಲೇಜಿನ ಹುಡುಗನೊಬ್ಬ ಕೇಳಿದ: "ಮೊಬೈಲಿನಲ್ಲಿ ಆ ಚುಕ್ಕಿಯ ಪರೀಕ್ಷೆ ಮಾಡಿದೆ. ಎರಡು ಸಂಖ್ಯೆ ತಪ್ಪಿತು. ನನಗೂ ಇದೆಯಾ ಸಾರ್?"

ಮೊಬೈಲ್ ನೋಡಿ ತೀರ್ಮಾನ ಮಾಡಬೇಡಿ. ಆ ಪರೀಕ್ಷೆಯ ಜೀವ ಇರುವುದೇ ಕಾಗದದ ಮೇಲಿನ ಶಾಯಿಗಳಲ್ಲಿ. ಪರದೆಗೆ ಬಂದರೆ ಇಷ್ಟು ಹೊತ್ತು ಹೇಳಿದ ಎಲ್ಲ ಗೊಂದಲವೂ ಅದಕ್ಕೆ ತಗುಲುತ್ತದೆ. ಕಾಗದದ ಪುಸ್ತಕವನ್ನೂ ಹಗಲಿನಂಥ ಬೆಳಕಿನಲ್ಲೇ ನೋಡಬೇಕು. ಹಳೆಯ ಹಳದಿ ಬಲ್ಬಿನ ಕೆಳಗೆ ನನ್ನಂಥ ಕೆಲವರು ಪಾಸಾಗಿಬಿಡುತ್ತಾರೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಇದ್ದರೂ ಹೆದರಬೇಡಿ. 2020ರಲ್ಲಿ ನಿಯಮ ತಿದ್ದಿದ ಮೇಲೆ ಸಣ್ಣ ಮತ್ತು ಮಧ್ಯಮ ಕೊರತೆ ಇರುವವರಿಗೂ ಡ್ರೈವಿಂಗ್ ಲೈಸೆನ್ಸ್ ಸಿಗುತ್ತದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಕೋರ್ಸುಗಳಿಂದ ಬಣ್ಣಗುರುಡು ಇರುವವರನ್ನು ಹೊರಗಿಡಬಾರದು ಅಂತ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ವಿಶೇಷ ಕನ್ನಡಕಗಳ ಜಾಹೀರಾತು ನೋಡಿರುತ್ತೀರಿ. ಅವು ಕೆಲವು ಬಣ್ಣಗಳ ಅಂತರ ಹೆಚ್ಚಿಸಬಹುದು, ಸರಿದು ಕೂತ ಸಾಕ್ಷಿಯನ್ನು ಜಾಗಕ್ಕೆ ತರಲಾರವು.

ಹಿರಿಯರೊಬ್ಬರು ಕೇಳಿದರು: "ನನ್ನ ಮಗಳ ಮಗ ಎರಡನೇ ಕ್ಲಾಸು. ಮರದ ಕಾಂಡಕ್ಕೆ ಹಸಿರು, ಎಲೆಗೆ ಕಂದು ಹಚ್ಚುತ್ತಾನೆ. ಟೀಚರ್ ಬೈತಾರೆ. ಏನು ಮಾಡುವುದು?"

ಅಮ್ಮಾ, ನಿಮ್ಮ ಯಜಮಾನರಿಗೆ ಈ ತೊಂದರೆ ಇತ್ತಾ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಹಣ್ಣಾದ ಮೆಣಸು ಯಾವುದು, ಹಸಿ ಯಾವುದು ಅಂತ ನನ್ನನ್ನೇ ಕೇಳ್ತಿದ್ರು" ಅಂದರು. ಅಲ್ಲಿಗೆ ದಾರಿ ಸಿಕ್ಕಿತು, ಅಜ್ಜನಿಂದ ಮಗಳಿಗೆ, ಮಗಳಿಂದ ಮೊಮ್ಮಗನಿಗೆ. ಒಮ್ಮೆ ಪರೀಕ್ಷೆ ಮಾಡಿಸಿ, ಟೀಚರಿಗೆ ಹೇಳಿ. ಇನ್ನೊಂದು ಸಣ್ಣ ಕೆಲಸ. ಕ್ರೇಯಾನಿಗೆ ಸುತ್ತಿದ ಕಾಗದದ ಮೇಲೆ ಬಣ್ಣದ ಹೆಸರು ಇರುತ್ತದೆ. ಅದನ್ನು ಹರಿದು ತೆಗೆಯಲು ಬಿಡಬೇಡಿ. ಇಂಗ್ಲಿಷಿನಲ್ಲಿದ್ದರೆ ಮೇಲೊಂದು ಚೀಟಿ ಅಂಟಿಸಿ, ಕನ್ನಡದಲ್ಲಿ ಬರೆದುಕೊಡಿ. ಅವನು ಓದಿಕೊಂಡು ಹಚ್ಚುತ್ತಾನೆ.